ಭೀಮಾ ಲಾಕ್

ಭೀಮಾಶಂಕರನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ, ಹೈದರಾಬಾದಿನ ಉಪ್ಪಲ್‌ನ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ.

ತಾಯಿ ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿ ಶಿವಗಂಗಾ ಬದನೆಕಾಯಿ ಸೀಳಿ ಮಸಾಲೆ ತುಂಬುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಗಚ್ಚಿಬೌಲಿಯ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಹೀಗಾಗಿ ಮನೆಯಲ್ಲೂ ಅದೇ ಮಾತು. ಕೇಳಿ ಕೇಳಿ ಸಾಕಾಗಿದ್ದ ಬಂಡೆಮ್ಮ ಅಂದು ಸೊಸೆಯನ್ನು ಹಿಡಿದು ಕೇಳಿದಳು.

"ಅಲ್ಲ ಗಂಗಾ, ಹೊತ್ತು ಹೊಂಟ್ರ ಸಾಕು, ಇಬ್ಬರೂ ಲಾಕ್ ಲಾಕ್ ಅಂತೀರಿ. ಏನದು? ಬಾಗಲದ ಕೀಲಿ ಏನು?"

ಶಿವಗಂಗಾ ಸ್ವಲ್ಪ ಯೋಚಿಸಿದಳು. "ಅತ್ತಿ, ಮೊದಲ ನೀವು ತಗಡಿನ ಶೆಡ್ಡಿನ್ಯಾಗ ಇದ್ರಲ್ಲ, ಅಲ್ಲಿ ಎಲ್ಲಾ ಹೆಣಮಕ್ಕಳಿಗೂ ಒಂದ ಬಚ್ಚಲ ಇತ್ತು ಅಂದಿದ್ರಿ. ಒಳಗ ಯಾರರ ಅದಾರಂತ ಹೆಂಗ ಗೊತ್ತಾಗ್ತಿತ್ತು?"

"ಬಾಗಲ ಎಲ್ಲಿತ್ತವ್ವಾ, ಗೋಣಿಚೀಲದ ಪರದಾ. ಒಳಗ ಹೋದಾಕಿ ಸೀರಿ ಅದರ ಮ್ಯಾಲ ಹಾಕ್ತಿದ್ಲು. ಸೀರಿ ಕಂಡ್ರ ಉಳಿದವರು ಹೊರಗ ನಿಂದ್ರೂದು."

"ಲಾಕ್ ಫೈಲ್ ಅಂದ್ರ ಅದ ಸೀರಿ. ಒಬ್ಬರು ಒಂದು ಕಾಗದ ಬರಿಯಾಕತ್ತಾಗ, ಬಾಜೂಕ ಒಂದು ಸಣ್ಣ ಫೈಲ್ ಇಡತೀವಿ. ಅದು ಕಂಡ್ರ ಇನ್ನೊಬ್ಬರು ಕಾಯಬೇಕು. ಬರದು ಮುಗದ ಮ್ಯಾಲ ಅದನ್ನ ತಗಿಯೂದು. ಯಾರರ ಸೀರಿ ಅಲ್ಲೇ ಮರತು ಹೋದ್ರ ಏನಾಗ್ತಿತ್ತು?"

"ಏನಾಗ್ತೈತಿ, ಎಲ್ಲಾರೂ ಕೊಡಾ ಹಿಡಕೊಂಡು ನಿಂತ ನಿಂದ್ರೂದು." ಬಂಡೆಮ್ಮ ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ನಕ್ಕಳು. "ಒಮ್ಮೆ ಹಂಗ ಆಗಿತ್ತು. ಒಳಗ ಯಾರೂ ಇಲ್ಲ, ಹೊರಗ ಊರ ಮಂದಿ."

"ಮರತವರ ಸೀರಿ ತನ್ನಷ್ಟಕ ತಾನ ಹೋಗೂಹಂಗ ಮಾಡೂದು ನಮ್ಮ ಕೆಲಸ."

ಬಂಡೆಮ್ಮ ಬಾಗಿಲಲ್ಲಿದ್ದ ಮಗನ ಕಡೆ ತಿರುಗಿದಳು. "ಇಷ್ಟು ವರ್ಷದಿಂದ ಕೇಳಾಕತ್ತೀನಿ, ನಿನಗ ತಿಳಿಯಂಗಿಲ್ಲ ಬಿಡಬೇ ಅಂತಿದ್ದಿ. ಈಕಿ ನೋಡು, ಒಂದ ರೊಟ್ಟಿ ಬೇಯೂದ್ರಾಗ ಹೇಳಿದ್ಲು. ಭಾಳ ಶಾಣ್ಯಾ ಅದಾಳಪಾ ನಿನ್ನ ಹೇಂತಿ."

ಭೀಮಾಶಂಕರ ನಕ್ಕ. ಚಹಾ ಮುಗಿಸಿ ಲೋಟ ತೊಳೆದಿಟ್ಟ. ಆದರೆ ಒಳಗೆ ಏನೋ ಚುಚ್ಚಿದ್ದು ಅವನಿಗೆ ಗೊತ್ತಾಗಿತ್ತು. ಆ ಲಾಕ್ ಅವನದು. ಅದನ್ನು ತಾಯಿಗೆ ತಿಳಿಸಿ ಹೇಳುವ ಮಾತು ತನಗೆ ಯಾಕೆ ಹೊಳೆಯಲಿಲ್ಲ? ಆ ತಗಡಿನ ಶೆಡ್ಡಿನಲ್ಲಿ ಬೆಳೆದವನು ತಾನು, ಅವಳಲ್ಲ.

ಸೇಡಂ ಕಡೆಯಿಂದ ಗೋಡೆ ಕಟ್ಟುವ ಕೆಲಸಕ್ಕೆ ಬಂದ ಬೂದೆಪ್ಪನ ಮಗ ಅವನು. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ಅಪ್ಪ ಅಲ್ಲಿ ಇಟ್ಟಿಗೆ ಜೋಡಿಸಿದ್ದ. ಮಗ ಅಂಥದೇ ಒಂದು ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಿಡಿದ. ಅವನ ಕಂಪನಿ ಕಾರ್ಖಾನೆಗಳ ನಕ್ಷೆ ಕಾಯುವ ಸಾಫ್ಟ್‌ವೇರ್ ಮಾಡುತ್ತಿತ್ತು. ಯಾವ ನಕ್ಷೆಯನ್ನು ಯಾರು ತಿದ್ದಿದರು, ಅದಕ್ಕೆ ಹಿಂದೆ ಅದು ಹೇಗಿತ್ತು ಎಂಬುದನ್ನೆಲ್ಲ ಹಿಡಿದಿಡುವ ವರ್ಷನ್ ಕಂಟ್ರೋಲ್. ಅದರಲ್ಲಿ ಲಾಕ್ ಫೈಲುಗಳನ್ನು ನೋಡಿಕೊಳ್ಳುವ ಭಾಗ ಪೂರ್ತಿ ಭೀಮಾಶಂಕರ ಬರೆದದ್ದು. ಬಹಳ ಜಟಿಲ. ಲಾಕ್ ಹಾಕುವ ಪ್ರತಿಯೊಂದು ಕಡೆಯೂ ಅದನ್ನು ತೆಗೆಯುವ ಕೋಡ್ ಬೇರೆ ಬೇರೆ. ಎಡವಟ್ಟಾದರೆ ಒಂದು ದಾರಿ, ಆಗದಿದ್ದರೆ ಇನ್ನೊಂದು. ಆಫೀಸಿನಲ್ಲಿ ಅದಕ್ಕೆ ಭೀಮಾ ಲಾಕ್ ಎಂದೇ ಹೆಸರಾಗಿತ್ತು. ಅದನ್ನು ಮುಟ್ಟಬೇಕಾದರೆ ಅವನ ಒಪ್ಪಿಗೆ ಬೇಕು. ಹೊಸಬರು ಅವನ ಕುರ್ಚಿಯ ಪಕ್ಕ ನಿಂತು, "ಭೀಮಾ ಅನ್ನಾ, ಇದಿ ಅರ್ಥಂ ಕಾಲೇದು" ಎಂದು ತೆಲುಗಿನಲ್ಲಿ ತಮಗೆ ಅರ್ಥವಾಗಲಿಲ್ಲವೆಂದಾಗ ಅವನಿಗೆ ಒಂದು ಬಗೆಯ ಸುಖ. ಅರ್ಥವಾಗದಿರುವುದರಲ್ಲೇ ತನ್ನ ಬೆಲೆ ಇದೆ ಎಂದು ಅವನು ಎಂದೂ ಬಾಯಿಬಿಟ್ಟು ಅಂದುಕೊಂಡಿರಲಿಲ್ಲ. ಆದರೆ ನಡೆದುಕೊಂಡದ್ದು ಹಾಗೆಯೇ.

ಶಿವಗಂಗಾ ರಾಯಚೂರಿನವಳು. ಮದುವೆಗೆ ಮುಂಚೆ ಇದೇ ಊರಲ್ಲಿ ಕೆಲಸದಲ್ಲಿದ್ದಳು. ಮಗಳು ತಾರಾ ಹುಟ್ಟಿದ ಮೇಲೆ ಬಿಟ್ಟಿದ್ದಳು. ಮಗು ಶಾಲೆಗೆ ಹೋಗತೊಡಗಿದಾಗ, ಮತ್ತೆ ಕೆಲಸಕ್ಕೆ ಬಾ ಎಂದು ಹಟ ಹಿಡಿದವನು ಭೀಮಾಶಂಕರನೇ. ತನ್ನ ಕಂಪನಿಗೆ ಅವಳ ಹೆಸರು ಕೊಟ್ಟವನೂ ಅವನೇ. ಮೊದಮೊದಲು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳಿಗೆ ಕಲಿಸಿದ. ಅವಳು ಕೇಳುವುದು, ತಾನು ಹೇಳುವುದು. ಆ ದಿನಗಳು ಅವನಿಗೆ ಬಹಳ ಹಿಡಿಸಿದ್ದವು. ಅವಳು ಕೇಳುವುದು ಯಾವಾಗ ಕಡಿಮೆಯಾಯಿತೋ ಅವನ ಗಮನಕ್ಕೇ ಬರಲಿಲ್ಲ.

ಅಡುಗೆಮನೆಯ ಆ ಮಾತಾಗಿ ಕೆಲವೇ ದಿನಕ್ಕೆ, ವಿಭಾಗದ ಮುಖ್ಯಸ್ಥೆ ಕಮಲಾಕ್ಷಿ ಒಂದು ಸಭೆ ಕರೆದಳು. ಮೈಸೂರು ಕಡೆಯ ಮನೆತನ. ತಂದೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದುದರಿಂದ ಹೈದರಾಬಾದಿನಲ್ಲೇ ಬೆಳೆದವಳು. ಕನ್ನಡದವರ ಜೊತೆ ಕನ್ನಡದಲ್ಲೇ ಮಾತಾಡುವಳು.

"ಲಾಕ್ ಭಾಗವನ್ನ ಸರಳ ಮಾಡ್ಬೇಕು," ಎಂದಳು. "ಹೊಸಬರು ಮುಟ್ಟೋಕೆ ಹೆದರ್ತಾರೆ. ಶಿವಗಂಗಾ ಒಂದು ದಾರಿ ಇದೆ ಅಂತಿದ್ದಾರೆ. ಭೀಮಾಶಂಕರ್, ನೀವು ಪರಿಶೀಲನೆ ಮಾಡಿ."

ತನಗೆ ಹೇಳದೆ ಕಮಲಾಕ್ಷಿಗೆ ಹೇಳಿದ್ದಾಳೆ. ಭೀಮಾಶಂಕರ ಹೆಂಡತಿಯ ಮುಖ ನೋಡಿದ. ಅವಳು ಏನೂ ಮುಚ್ಚಿಟ್ಟವಳ ಹಾಗೆ ಇರಲಿಲ್ಲ. ಮೆಟ್ರೋದಲ್ಲಿ ಮನೆಗೆ ಹೋಗುವಾಗ ಅವಳೇ ಅಂದಳು: "ನಿಮಗ ಹೋದ ವಾರ ಹೇಳಿದ್ನಲ್ರಿ. ನೀವು ಮೊಬೈಲ್ ನೋಡಾಕತ್ತಿದ್ರಿ, ಹೂಂ ಅಂದ್ರಿ."

ಅವಳ ದಾರಿ ಸರಳವಾಗಿತ್ತು. ಲಾಕ್ ಹಾಕುವ ಕೆಲಸ ಒಂದೇ ಕಡೆ. ತೆಗೆಯುವ ಕೆಲಸವನ್ನು ಯಾರೂ ನೆನಪಿಟ್ಟು ಮಾಡಬೇಕಾಗಿಲ್ಲ. ಬರೆಯುವ ಕೆಲಸ ಮುಗಿಯಲಿ, ನಡುವೆ ಕೆಡಲಿ, ಆ ಭಾಗದಿಂದ ಹೊರಬಿದ್ದ ಕೂಡಲೇ ಲಾಕ್ ತಾನಾಗಿಯೇ ಹೋಗುತ್ತದೆ. ಹೊಸದಾಗಿ ಬರೆದದ್ದು ಇರುವುದೂ ಆ ಲಾಕ್ ಫೈಲಿನಲ್ಲೇ; ಅದು ಸರಿಯಾಗಿದ್ದರೆ ಲಾಕ್ ಫೈಲೇ ಹೆಸರು ಬದಲಿಸಿಕೊಂಡು ಹೊಸ ನಕ್ಷೆಯಾಗುತ್ತದೆ, ಇಲ್ಲದಿದ್ದರೆ ಅಳಿಯುತ್ತದೆ. ಭೀಮಾಶಂಕರ ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ಬೇಕಾಗುತ್ತಿರಲಿಲ್ಲ.

ಅದನ್ನು ನೋಡಿದ ಕೂಡಲೇ ಅವನಿಗೆ ಅನಿಸಿದ್ದು, ಇದು ಚೆನ್ನಾಗಿದೆ ಎಂದು. ಮರುಕ್ಷಣ ಅನಿಸಿದ್ದು, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು. ಅಲ್ಲಿಂದ ಮುಂದೆ ಎರಡನೆಯದೇ ಉಳಿಯಿತು.

ಒಂದು ದಿನ ಬೆಳಿಗ್ಗೆ ಉಪ್ಪಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಶಿವಗಂಗಾ ಕೇಳಿದಳು: "ನಿಮ್ಮ ಕೋಡಿನ್ಯಾಗ ಒಂದು ಕಡೆ ಹೆಸರು ಬದಲಿಸೂದು ಆಗಲಿಲ್ಲಂದ್ರ ಸ್ವಲ್ಪ ತಡದು ಮತ್ತ ಮತ್ತ ಪ್ರಯತ್ನ ಮಾಡ್ತೈತಲ್ರಿ, ಅದು ಯಾತಕ್ಕ ಐತಿ?"

"ಯಾವದು?"

"ಸ್ವಚ್ಛ ಮಾಡೂ ಫಂಕ್ಷನ್ ಒಳಗ. ಅಲ್ಲಿ ಯಾಕ ಐತಿ ಅಂತ ತಿಳೀಲಿಲ್ಲ."

"ಹಳೇದು. ನೆನಪಿಲ್ಲ," ಎಂದ ಅವನು. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಗಾಡಿ ಬಂತು. ಅವಳು ಹೆಂಗಸರ ಕಡೆ ಹತ್ತಿದಳು, ಇವನು ಈಚೆ ನಿಂತ. ಅಮೀರ್‌ಪೇಟೆ ಬರುವಷ್ಟರಲ್ಲಿ ಅವನಿಗೆ ಎಲ್ಲ ನೆನಪಾಯಿತು. ಹಿಂದೆ ಒಂದು ಕಾರ್ಖಾನೆಯಲ್ಲಿ ನಕ್ಷೆಗಳು ಆಗಾಗ ಉಳಿಯುತ್ತಿರಲಿಲ್ಲ. ನೋಡಿದರೆ ಅವರ ಕಂಪ್ಯೂಟರುಗಳಲ್ಲಿದ್ದ ಆ್ಯಂಟಿವೈರಸ್, ಹೊಸ ಫೈಲು ಕಂಡ ಕೂಡಲೇ ತಪಾಸಣೆಗೆಂದು ಅದನ್ನು ಒಂದು ಗಳಿಗೆ ಹಿಡಿದುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ಹೆಸರು ಬದಲಿಸಲು ಹೋದರೆ ಆಗುತ್ತಿರಲಿಲ್ಲ. ಸ್ವಲ್ಪ ಕಾದು ಮತ್ತೆ ಕೇಳಿದರೆ ಆಗುತ್ತಿತ್ತು. ಅಷ್ಟಕ್ಕೇ ಅವನು ಆ ಸಾಲುಗಳನ್ನು ಕೈಗೆ ಸಿಕ್ಕ ಜಾಗದಲ್ಲಿ ತುರುಕಿದ್ದ. ಯಾಕೆಂದು ಒಂದು ಮಾತೂ ಬರೆದಿರಲಿಲ್ಲ.

ಜನರ ತಲೆಗಳ ಆಚೆ ಶಿವಗಂಗಾ ಕಾಣುತ್ತಿದ್ದಳು. ಕಂಬಿ ಹಿಡಿದು ನಿಂತು, ಪಕ್ಕದವಳ ಮಗುವಿಗೆ ಬೆರಳು ಕೊಟ್ಟು ಆಡಿಸುತ್ತಿದ್ದಳು. ಕೊನೆಯ ಸ್ಟೇಷನ್ ರಾಯದುರ್ಗದಲ್ಲಿ ಇಳಿದಾಗ ಹೇಳಿದರಾಯಿತು ಎಂದುಕೊಂಡ. ಇಳಿದ ಮೇಲೆ ಅವಳೇ ಮೊದಲು ಮಾತಾಡಿದಳು. ಕಮಲಾಕ್ಷಿ ಇದನ್ನು ಎಲ್ಲ ತಂಡಗಳ ಮುಂದೆ ವಿವರಿಸಲು ಹೇಳಿದ್ದಾಳೆಂದೂ ತನಗೆ ಭಯವಾಗುತ್ತಿದೆಯೆಂದೂ ಅಂದಳು. ಭೀಮಾಶಂಕರನಿಗೆ ಅಂಥ ಅವಕಾಶವನ್ನು ಆ ಕಂಪನಿಯಲ್ಲಿ ಯಾರೂ ಕೊಟ್ಟಿರಲಿಲ್ಲ. ಅವನು ಹೇಳಲಿಲ್ಲ.

ಪರಿಶೀಲನೆಗೆ ಅವಳ ಕೋಡ್ ಬಂದಾಗ ಮತ್ತೊಂದು ಸಲ ಅವಕಾಶ ಸಿಕ್ಕಿತು. ಅವನು ಸಾಲು ಸಾಲಾಗಿ ಓದಿದ. ಹೆಸರು ಬದಲಾಗದಿದ್ದರೆ ಅವಳ ಕೋಡ್ ಅದನ್ನು ಸೋಲು ಎಂದು ತಿಳಿದು ಲಾಕ್ ಫೈಲನ್ನು ಅಳಿಸಿಬಿಡುತ್ತಿತ್ತು. ಲಾಕ್ ಫೈಲಿನಲ್ಲೇ ಹೊಸ ನಕ್ಷೆ ಇರುತ್ತದೆ. ಅದು ಅಳಿದರೆ ಮಾಡಿದ ಕೆಲಸವೂ ಹೋದಂತೆ. ಅವನು ಆ ಸಾಲಿನ ಪಕ್ಕದಲ್ಲಿ 'ಇಲ್ಲಿ ಕಾದು ಮತ್ತೆ ಪ್ರಯತ್ನಿಸಬೇಕು' ಎಂದು ಟೈಪ್ ಮಾಡಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ವೆಂಕಟೇಶ ಬಂದು ಅವನ ಪರದೆಯನ್ನು ಇಣುಕಿದ. ಖಮ್ಮಂ ಕಡೆಯ ಹುಡುಗ, ಲಾಕ್ ಕೋಡಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು.

"ಅನ್ನಾ, ಇದಿ ಮೇಡಂ ರಾಸಿಂದೇನಾ? ಎಂತ ಕ್ಲೀನ್‌ಗಾ ಉಂದಿ. ಇಪ್ಪುಡು ನಾಕು ಕೂಡಾ ಅರ್ಥಂ ಅಯಿಂದಿ."

ಮೇಡಂ ಬರೆದದ್ದು ಎಷ್ಟು ಚೊಕ್ಕ, ಈಗ ನನಗೂ ಅರ್ಥವಾಯಿತು. ಆ ಮಾತು ಭೀಮಾಶಂಕರನ ಎದೆಯಲ್ಲಿ ಸಿಕ್ಕಿಕೊಂಡಿತು. ವೆಂಕಟೇಶ ಹೋದ ಮೇಲೆ ಅವನು ಟೈಪ್ ಮಾಡಿದ್ದನ್ನು ಅಳಿಸಿದ. ಟೆಸ್ಟಿಂಗ್‌ನವರಿಗೆ ಸಿಕ್ಕೇ ಸಿಗುತ್ತದೆ ಎಂದುಕೊಂಡ. ಟೆಸ್ಟಿಂಗ್‌ನವರ ಕಂಪ್ಯೂಟರುಗಳಲ್ಲಿ ಆ ಆ್ಯಂಟಿವೈರಸ್ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಒಪ್ಪಿಗೆಯ ಗುಂಡಿ ಒತ್ತಿದ.

ಆಮೇಲಿನ ದಿನಗಳು ಅವನಿಗೆ ಕೆಟ್ಟದಾಗಿ ಕಳೆದವು. ಶಿವಗಂಗಾ ಎಲ್ಲರ ಮುಂದೆ ನಿಂತು ವಿವರಿಸಿದಳು. ಮೊದಲು ತಡವರಿಸಿದವಳು ಆಮೇಲೆ ಸಲೀಸಾಗಿ ಮಾತಾಡಿದಳು. ನಡುವೆ, "ಇದರ ಬುನಾದಿ ಭೀಮಾಶಂಕರ್ ಹಾಕಿದ್ದು, ನಾನು ಮೇಲಿನ ಮಣ್ಣು ತೆಗೆದೆ ಅಷ್ಟೆ" ಎಂದಳು. ಜನ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅದು ಅವನಿಗೆ ಭಿಕ್ಷೆಯ ಹಾಗೆ ಕಂಡಿತು. ಕ್ಯಾಂಟೀನಿನಲ್ಲಿ ಅವಳ ಸುತ್ತ ನಾಲ್ಕು ಜನ ಕೂತು ನಗುತ್ತಿದ್ದರೆ ಇವನು ತಟ್ಟೆ ಎತ್ತಿಕೊಂಡು ದೂರದ ಮೇಜಿಗೆ ಹೋಗುತ್ತಿದ್ದ. ಹೊಸ ಆವೃತ್ತಿ ಗಿರಾಕಿಗಳ ಕೈಸೇರಿದ ಮೇಲಂತೂ ದಿನಾ ಬೆಳಿಗ್ಗೆ ದೂರುಗಳನ್ನು ಮೊದಲು ತೆರೆದು ನೋಡುತ್ತಿದ್ದ. ಏನೂ ಇಲ್ಲದಿದ್ದರೆ ನಿರಾಸೆ. ನಿರಾಸೆಯಾದದ್ದಕ್ಕೆ ತನ್ನ ಮೇಲೇ ಅಸಹ್ಯ. ಮನೆಯಲ್ಲಿ ಅವಳು ಚಪ್ಪಲಿ ಎಲ್ಲಿ ಬಿಟ್ಟಳು, ಹಾಲು ಯಾಕೆ ಉಕ್ಕಿತು ಎಂದು ಸಣ್ಣ ಸಣ್ಣದಕ್ಕೆ ಸಿಡುಕಿದ. ಬಂಡೆಮ್ಮ ಮಗನ ಹಣೆ ಮುಟ್ಟಿ ನೋಡಿ, ಜ್ವರ ಏನಿಲ್ಲವಲ್ಲ ಎಂದಳು.

ದೂರು ಕೊನೆಗೂ ಬಂತು. ಜೀಡಿಮೆಟ್ಲದಲ್ಲಿ ನೀರಿನ ಪಂಪು ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿಯ ನಕ್ಷೆಗಾರನೊಬ್ಬನ ಇಡೀ ದಿನದ ಕೆಲಸ ಉಳಿಯದೆ ಹೋಗಿದೆ, ಬಂದು ನೋಡಿ ಎಂದು ಫೋನು. ಕಮಲಾಕ್ಷಿ ಗಂಡ ಹೆಂಡತಿ ಇಬ್ಬರನ್ನೂ ಕಳಿಸಿದಳು.

ದಾರಿಯುದ್ದಕ್ಕೂ ಕ್ಯಾಬಿನಲ್ಲಿ ಶಿವಗಂಗಾ ಉಗುರು ಕಚ್ಚುತ್ತ ಕೂತಿದ್ದಳು. "ನಾ ಎಲ್ಲಿ ತಪ್ಪಿದೆ," ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು. ಭೀಮಾಶಂಕರ ಕಿಟಕಿಯ ಆಚೆ ನೋಡುತ್ತಿದ್ದ. ತಾನು ಕಾದಿದ್ದು ಇದಕ್ಕೇ. ಬಂದಾಗ ಖುಷಿಯಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಆದರೂ, ಇನ್ನು ಕ್ಯಾಂಟೀನಿನಲ್ಲಿ ಅವಳ ಸುತ್ತ ಯಾರು ಕೂರುತ್ತಾರೋ ನೋಡೋಣ ಎಂಬ ಒಂದು ಮಾತು ತಲೆಯಲ್ಲಿ ಹಾದುಹೋಯಿತು.

ನಕ್ಷೆಗಾರನ ಹೆಸರು ಗುರುಸಿದ್ದಪ್ಪ. ನಿವೃತ್ತಿಗೆ ಹತ್ತಿರವಾದ, ದಪ್ಪ ಕನ್ನಡಕದ ಮನುಷ್ಯ. ಇವರಿಬ್ಬರ ಮಾತು ಕೇಳಿ ಮುಖ ಅರಳಿಸಿದ.

"ನಮ್ಮ ಕಡಿಯವರೇನ್ರಿ? ನಂದು ಬೀದರ ಬಾಜೂಕ. ಕುಂದ್ರಿ, ಕುಂದ್ರಿ." ಚಹಾ ತರಿಸಿದ. ಬಯ್ಯಬಹುದು ಎಂದು ಬಂದವರಿಗೆ ಅದು ಇನ್ನೂ ಕಷ್ಟವಾಯಿತು.

"ಮುಂಜಾನಿಂದ ಕುಂತು ಮಾಡಿದ್ದು ರೀ," ಎಂದ. "ನನ್ನ ಕಣ್ಣು ಈಗ ಮೊದಲಿನಂಗ ಇಲ್ಲ. ಸಣ್ಣ ಗೀಟು ಎಳಿಬೇಕಂದ್ರ ಭಾಳ ತ್ರಾಸ ಆಗ್ತೈತಿ. ಸಂಜೀಕ ಸೇವ್ ಮಾಡಿ ಬಂದ್ ಮಾಡಿದೆ. ಮರುದಿನ ತಗದ್ರ ಹಳೇದ ಐತಿ. ಸಾಹೇಬರು ಅಂತಾರ, ನೀ ಮಾಡೇ ಇಲ್ಲ, ಸುಮ್ಮನ ಕುಂತಿದ್ದಿ ಅಂತ. ಹೆಂಗ ತೋರಸ್ಲಿ ನಾನು?"

ಶಿವಗಂಗಾ ಅವನ ಕಂಪ್ಯೂಟರಿನ ಮುಂದೆ ಕೂತು ಇನ್ನೂ ಏನನ್ನೂ ತೆರೆದಿರಲಿಲ್ಲ. ಗುರುಸಿದ್ದಪ್ಪನ ಮಾತು ಭೀಮಾಶಂಕರನಿಗೆ ತಡೆಯಲಾಗಲಿಲ್ಲ. ಬೇಗ ಮುಗಿಸಿ ಅಲ್ಲಿಂದ ಹೊರಟರೆ ಸಾಕಾಗಿತ್ತು.

"ನೀವು ಮಾಡೀರಿ ಕಾಕಾ, ನಿಮ್ಮ ತಪ್ಪಿಲ್ಲ," ಎಂದ. "ಇಲ್ಲಿ ಇರೂ ಆ್ಯಂಟಿವೈರಸ್ ಫೈಲ್ ಹಿಡಕೊಂಡಿರ್ತೈತಿ. ಆಗ ಹೆಸರು ಬದಲಾಗಂಗಿಲ್ಲ, ನಮ್ಮ ಕೋಡ್ ಅದನ್ನ ಅಳಸ್ತೈತಿ. ನಾ ನಿಮ್ಮ ಸಾಹೇಬರಿಗೆ ಹೇಳ್ತೀನಿ."

ಶಿವಗಂಗಾಳ ಕೈ ಕೀಬೋರ್ಡಿನ ಮೇಲೆ ನಿಂತಿತು. ಅವಳು ತಿರುಗಿ ಗಂಡನ ಮುಖವನ್ನು ನೋಡಿದಳು. ಮತ್ತೆ ಪರದೆಯ ಕಡೆ ತಿರುಗಿ ತನ್ನ ಕೆಲಸ ಶುರುಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಸಿಕ್ಕಿದ್ದೂ ಅದೇ ಕಾರಣ. ಅಳಿದುಹೋದ ನಕ್ಷೆ ಮಾತ್ರ ಸಿಗಲಿಲ್ಲ. ಭೀಮಾಶಂಕರ ಕಾರ್ಖಾನೆಯ ಮ್ಯಾನೇಜರನನ್ನು ಕಂಡು, ತಪ್ಪು ತಮ್ಮ ಸಾಫ್ಟ್‌ವೇರಿನದು ಎಂದು ಒಪ್ಪಿಕೊಂಡು ಬಂದ. ಹೊರಡುವಾಗ ಗುರುಸಿದ್ದಪ್ಪ ಅದೇ ನಕ್ಷೆಯನ್ನು ಮೊದಲಿಂದ ಎಳೆಯತೊಡಗಿದ್ದ, ಮೂಗು ಪರದೆಗೆ ತಾಗುವಷ್ಟು ಬಗ್ಗಿ.

ಗೇಟಿನ ಹೊರಗೆ ಬಂದ ಮೇಲೆ ಭೀಮಾಶಂಕರ ಕ್ಯಾಬಿಗೆಂದು ಮೊಬೈಲ್ ತೆಗೆದ. ಶಿವಗಂಗಾ ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತಳು.

"ನಾ ಕಂಪ್ಯೂಟರ್ ಮುಟ್ಟಿದ್ದಿಲ್ಲ," ಎಂದಳು. "ಅದಕ್ಕೂ ಮೊದಲ ನೀವು ಹೇಳಿದ್ರಿ."

"ಅನುಭವ. ಅಂದಾಜಿನ ಮ್ಯಾಲ ಹೇಳಿದೆ."

"ಅಂದಾಜಲ್ಲ. ನಿಮಗ ಗೊತ್ತಿತ್ತು. ಆವತ್ತು ಸ್ಟೇಷನ್ನಿನ್ಯಾಗ ನಾ ಇದನ್ನ ಕೇಳಿದ್ದೆ."

"ಆವಾಗ ಖರೇನ ನೆನಪಿದ್ದಿಲ್ಲ."

"ಆಮ್ಯಾಲ?"

ಲಾರಿಯೊಂದು ಧೂಳೆಬ್ಬಿಸುತ್ತ ಹೋಯಿತು.

"ಆಮ್ಯಾಲ ನೆನಪಾತು."

"ಯಾವಾಗ?"

"ಆವತ್ತ. ಗಾಡಿಯೊಳಗ."

"ಅಂದ್ರ ಒಪ್ಪಿಗಿ ಕೊಡೂಮುಂದ ನಿಮಗ ಗೊತ್ತಿತ್ತು." ಅವಳ ದನಿ ಏರಲಿಲ್ಲ. "ಯಾಕ ಹೇಳಲಿಲ್ಲ?"

"ನೀನ ಕಂಡ ಹಿಡಿತಿ ಅಂತ..."

"ಸುಳ್ಳು ಹೇಳಬ್ಯಾಡ್ರಿ. ಅಲ್ಲಿ ಕುಂತ ಆ ಮುದುಕಪ್ಪಗ ಕಣ್ಣು ಕಾಣಂಗಿಲ್ಲ. ಅವ ಮತ್ತ ಎಲ್ಲಾ ಎಳಿಯಾಕತ್ತಾನ. ಅದನ್ನ ನೋಡಿ ಬಂದ ಮ್ಯಾಲೂ ಸುಳ್ಳ ಹೇಳ್ತೀರೇನು?"

ಭೀಮಾಶಂಕರ ಕ್ಯಾಬ್ ಹುಡುಕುವುದನ್ನು ಬಿಟ್ಟು ಅವಳ ಕಡೆ ತಿರುಗಿದ.

"ಹೊಟ್ಟಿಕಿಚ್ಚು," ಎಂದ. "ನಿನ್ನ ಮ್ಯಾಲ ಹೊಟ್ಟಿಕಿಚ್ಚು ನನಗ. ಎಲ್ಲಾರೂ ನಿನ್ನ ಹೊಗಳಾಕತ್ತಾರ. ಅವ್ವನೂ. ನಾ ಇಷ್ಟು ವರ್ಷ ಕಟ್ಟಿದ್ದನ್ನ ನೀ ಸುಲಭ ತಗದ ಒಗದಿ. ತಗದಿದ್ದೂ ಸರೀನ ಐತಿ. ನೀ ಒಮ್ಮೆ ಬೀಳಬೇಕು ಅನಸ್ತು."

ಶಿವಗಂಗಾ ಅಳುತ್ತಾಳೇನೋ ಎಂದು ಅವನು ಹೆದರಿದ. ಅವಳು ಅಳಲಿಲ್ಲ.

"ನನ್ನ ಕೆಲಸಕ್ಕ ಕಳಿಸಿದವರು ನೀವ," ಎಂದಳು. "ನಾ ಒಲ್ಲೆ ಅಂದಿದ್ದೆ. ನಿಮ್ಮ ಕಡಿಂದ ಕಲತೆ. ಕಲತದ್ದು ನಿಮಗ ತೋರಸಬೇಕಂತ ಮಾಡಿದೆ." ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ನಾಳೆ ಕಮಲಾಕ್ಷಿ ಮೇಡಂ ನನ್ನ ಕೇಳ್ತಾರ. ನಾ ತಪ್ಪಿದೆ ಅಂತೀನಿ, ಯಾಕಂದ್ರ ನಾನೂ ತಪ್ಪೀನಿ. ತಿಳೀದ ಇದ್ದದ್ದನ್ನ ತಗದ ಒಗಿಬಾರದಿತ್ತು. ನಿಮ್ಮ ಪಾಲಿಂದು ನೀವು ಹೇಳ್ರಿ. ಬಿಟ್ರ ಬಿಡ್ರಿ. ನಾ ಹೇಳಂಗಿಲ್ಲ."

ಮನೆಯಲ್ಲಿ ತಾರಾಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದಳು, ಅತ್ತೆಗೆ ಮಾತ್ರೆ ಕೊಟ್ಟಳು, ಗಂಡನ ತಟ್ಟೆಗೆ ರೊಟ್ಟಿ ಹಾಕಿದಳು. ಎಲ್ಲ ಎಂದಿನ ಹಾಗೆಯೇ. ಅವನ ಕಡೆ ಮಾತ್ರ ನೋಡಲಿಲ್ಲ.

ಮರುದಿನದ ಸಭೆಯಲ್ಲಿ ಕಮಲಾಕ್ಷಿ ನೇರವಾಗಿ ವಿಷಯಕ್ಕೆ ಬಂದಳು. "ಶಿವಗಂಗಾ, ಆ ಸಾಲುಗಳನ್ನ ಯಾಕೆ ತೆಗೆದ್ರಿ?"

"ಯಾತಕ್ಕೆ ಇದೆ ಅಂತ ತಿಳಿಯಲಿಲ್ಲ ಮೇಡಂ. ತಿಳಿದುಕೊಳ್ಳದೆ ತೆಗೆದೆ. ತಪ್ಪಾಯ್ತು."

ಅಷ್ಟಕ್ಕೆ ಮಾತು ಮುಗಿಯಬಹುದಿತ್ತು. ಕಮಲಾಕ್ಷಿ ಆಗಲೇ ಮುಂದಿನ ವಿಷಯಕ್ಕೆ ಹೊರಳಿದ್ದಳು. ಮೇಜಿನ ಸುತ್ತ ಕೂತವರೆಲ್ಲ ತಂತಮ್ಮ ಲ್ಯಾಪ್‌ಟಾಪ್ ನೋಡುತ್ತಿದ್ದರು. ಈಗ ತಾನು ಸುಮ್ಮನಿದ್ದರೆ ಹೆಂಡತಿ ಯಾರಿಗೂ ಹೇಳುವುದಿಲ್ಲ; ಅದು ಭೀಮಾಶಂಕರನಿಗೆ ಖಾತ್ರಿಯಿತ್ತು. ಅವಳ ಆ ದೊಡ್ಡತನದ ಮೇಲೂ ಅವನಿಗೆ ಒಂದು ಕ್ಷಣ ಕಿಚ್ಚಾಯಿತು.

"ಮೇಡಂ, ಅವಳು ನನ್ನ ಕೇಳಿದ್ದಳು," ಎಂದ. "ನಾನು ನೆನಪಿಲ್ಲ ಅಂದೆ. ಆಮೇಲೆ ನೆನಪಾಯಿತು. ಪರಿಶೀಲನೆ ಮಾಡುವಾಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಗೆ ಕೊಟ್ಟೆ."

ಕಮಲಾಕ್ಷಿ ಪೆನ್ನು ಕೆಳಗಿಟ್ಟಳು. "ಗೊತ್ತಿದ್ದೂ?"

"ಹೌದು. ಬೇಕಂತಲೇ."

ಕನ್ನಡ ಬಾರದ ವೆಂಕಟೇಶ ಏನಾಯಿತೆಂದು ಪಕ್ಕದವನನ್ನು ಪಿಸುಗುಟ್ಟಿ ಕೇಳಿದ. ಯಾರೂ ಅವನಿಗೆ ಹೇಳಲಿಲ್ಲ. ಕಮಲಾಕ್ಷಿ ಶಿವಗಂಗಾಳನ್ನೊಮ್ಮೆ, ಇವನನ್ನೊಮ್ಮೆ ನೋಡಿದಳು. ಆಮೇಲೆ ಉಳಿದವರನ್ನೆಲ್ಲ ಹೊರಗೆ ಕಳಿಸಿದಳು.

"ನಿಮ್ಮ ಮನೆ ವಿಷಯ ನನಗೆ ಬೇಡ," ಎಂದಳು. "ಆದ್ರೆ ಅಲ್ಲಿ ಒಬ್ಬರ ಕೆಲಸ ಹೋಗಿದೆ. ಇನ್ಮೇಲೆ ಲಾಕ್ ಭಾಗ ಶಿವಗಂಗಾ ನೋಡ್ಕೊಳ್ತಾರೆ. ಅದರಲ್ಲಿ ನೀವು ಏನೇ ಬದಲಾಯಿಸಿದ್ರೂ ಅವರ ಒಪ್ಪಿಗೆ ಬೇಕು. ಬೇರೆಯವರ ಕೋಡ್ ಪರಿಶೀಲನೆ ಸದ್ಯಕ್ಕೆ ನಿಮಗಿಲ್ಲ. ಯಾವಾಗ ಕೊಡ್ಬೇಕು ಅಂತ ನಾನು ನೋಡ್ತೀನಿ."

ಶಿವಗಂಗಾ ಅಂದೇ ಕೂತು ತಪ್ಪನ್ನು ತಿದ್ದಿದಳು. ಕಾದು ಮತ್ತೆ ಪ್ರಯತ್ನಿಸುವ ಕೆಲಸವನ್ನು ಸರಿಯಾದ ಜಾಗದಲ್ಲಿ ಇಟ್ಟು, ಯಾಕೆ ಬೇಕೆಂದು ಮೇಲೆ ಬರೆದಳು. ಎಲ್ಲ ಪ್ರಯತ್ನ ಸೋತರೂ ಬರೆದದ್ದನ್ನು ಅಳಿಸದೆ ಬೇರೆ ಹೆಸರಲ್ಲಿ ಉಳಿಸಿ, ಬಳಸುವವರಿಗೆ ದೊಡ್ಡದಾಗಿ ತೋರಿಸುವಂತೆ ಮಾಡಿದಳು. ಇದು ಭೀಮಾಶಂಕರನ ಹಳೆಯ ಕೋಡಿನಲ್ಲೂ ಇರಲಿಲ್ಲ. ಆದರೂ ಕೋಡ್ ಅಷ್ಟೇ ಚಿಕ್ಕದಾಗಿ ಉಳಿಯಿತು.

ಆಫೀಸಿನಲ್ಲಿ ಭೀಮಾ ಲಾಕ್ ಎನ್ನುವುದು ನಿಂತಿತು. ಯಾರೂ ಅವನಿಗೆ ಏನೂ ಅನ್ನಲಿಲ್ಲ, ಆದರೆ ಅನುಮಾನ ಬಂದಾಗ ಜನ ನೇರವಾಗಿ ಶಿವಗಂಗಾಳ ಮೇಜಿಗೆ ಹೋಗುತ್ತಿದ್ದರು. ಅವನ ಕುರ್ಚಿಯ ಪಕ್ಕ ನಿಲ್ಲುವವರಿಲ್ಲ. ಮನೆಯಲ್ಲಿ ಅವಳು ಆಫೀಸಿನ ಮಾತನ್ನೇ ಬಿಟ್ಟಳು. ಯಾವುದಾದರೂ ಕಠಿಣ ಪ್ರಶ್ನೆ ಬಂದರೆ ಫೋನಿನಲ್ಲಿ ವೆಂಕಟೇಶನ ಜೊತೆ ತೆಲುಗಿನಲ್ಲಿ ಚರ್ಚಿಸುತ್ತಿದ್ದಳು. ಗಂಡ ತನಗೆ ಕಲಿಸುತ್ತಿದ್ದ ಅದೇ ಊಟದ ಮೇಜಿನ ಬಳಿ. ಅವಳು ನಗುವುದು ಕೇಳಿಸಿದರೆ ಭೀಮಾಶಂಕರ ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಈಗ ಅವನ ಕಿಚ್ಚು ವೆಂಕಟೇಶನ ಮೇಲೂ ಹರಿದಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಕೆಲಸಕ್ಕಾಗಿ ಅವನು ಲಾಕ್ ಭಾಗವನ್ನು ಮುಟ್ಟಬೇಕಾಯಿತು. ಬದಲಾವಣೆ ಮಾಡಿ ಹೆಂಡತಿಯ ಒಪ್ಪಿಗೆಗೆ ಕಳಿಸಿದ. ಮಧ್ಯಾಹ್ನಕ್ಕೆ ಅದು ತಿರುಗಿ ಬಂತು. ಇಬ್ಬರು ಒಂದೇ ಹೊತ್ತಿಗೆ ಲಾಕ್ ಕೇಳಿದರೆ ಒಬ್ಬರು ಕೊನೆತನಕ ಕಾಯುತ್ತಲೇ ಉಳಿಯುತ್ತಾರೆ, ಹೇಗೆಂದರೆ ಹೀಗೆ, ಎಂದು ಅವಳು ಬರೆದಿದ್ದಳು. ಭೀಮಾಶಂಕರ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದ. ಎಲ್ಲಾದರೂ ಸೇಡು ಇದೆಯೇ, ಒಂದು ಚುಚ್ಚು ಮಾತು ಇದೆಯೇ ಎಂದು ಹುಡುಕಿದ. ಇರಲಿಲ್ಲ. ವೆಂಕಟೇಶನಿಗೆ ಬರೆಯುವ ಹಾಗೆಯೇ ಬರೆದಿದ್ದಳು. ತಪ್ಪು ನಿಜವಾಗಿಯೂ ತಪ್ಪಾಗಿತ್ತು. ಸೇಡು ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಸಂಜೆ ಉಪ್ಪಲ್‌ನಲ್ಲಿ ಇಳಿದಾಗ ಮಳೆ ನಿಂತಿರಲಿಲ್ಲ. ಮೆಟ್ಟಿಲ ಕೆಳಗೆ ಜನ ಗುಂಪಾಗಿ ಕಾಯುತ್ತಿದ್ದರು. ಅವನು ಅವಳ ಪಕ್ಕ ಹೋಗಿ ನಿಂತ.

"ನೀ ಬರದದ್ದು ನೋಡಿದೆ," ಎಂದ.

ಅವಳು ತಿರುಗಿದಳು. ಆಫೀಸಿನ ಮಾತನ್ನು ಅವನು ಎತ್ತಿ ಬಹಳ ದಿನವಾಗಿತ್ತು. "ಹೂಂ?"

"ಸರಿ ಐತಿ. ನಾ ತಪ್ಪಿದ್ದೆ."

"ಮನಸಿಲ್ಲದ ಹೇಳಾಕತ್ತೀರಿ."

"ಹೌದು, ಮನಸಿಲ್ಲ," ಎಂದ ಭೀಮಾಶಂಕರ. "ಮಧ್ಯಾನದಿಂದ ಹೊಟ್ಟಿ ಉರಿಯಾಕತ್ತೈತಿ. ಆ ವೆಂಕಟೇಶನ ಜೋಡಿ ನೀ ಮಾತಾಡಿದ್ರೂ ಉರಿತೈತಿ. ಅದು ಹೋಗಂಗಿಲ್ಲ ಅನಸ್ತೈತಿ. ಆದ್ರ ಈ ಸಲ ಹೇಳಿ ಬಿಡಬೇಕಂತ ಹೇಳಿದೆ."

ಶಿವಗಂಗಾ ಕ್ಷಮಿಸಿದೆ ಎಂದು ಅನ್ನಲಿಲ್ಲ. ಅವನೂ ಕೇಳಲಿಲ್ಲ.

"ಇಬ್ಬರು ಲಾಕ್ ಕೇಳಿದ್ರ ಏನ್ ಮಾಡಬೇಕಂತ ಒಂದು ವಿಚಾರ ಐತಿ ನನಗ," ಎಂದಳು. "ಪೂರಾ ಬಗಿಹರಿದಿಲ್ಲ. ಕೇಳ್ತೀರೇನು?"

"ಹೇಳು."

ಅವಳು ಅಲ್ಲೇ, ಜನರ ನಡುವೆ ಒತ್ತಿಕೊಂಡು ನಿಂತು, ಬೆರಳಿನಿಂದ ಅಂಗೈ ಮೇಲೆ ಗೀಟು ಎಳೆದು ತೋರಿಸುತ್ತ ಹೇಳತೊಡಗಿದಳು. ವಿಚಾರ ಚೆನ್ನಾಗಿತ್ತು, ಇವನಿಗೆ ಹೊಳೆಯದಂಥದ್ದು. ಹೊಟ್ಟೆಯಲ್ಲಿ ಮತ್ತೆ ಆ ಉರಿ ಎದ್ದಿತು. ಅವನು ಮೊಬೈಲ್ ಜೇಬಿಗೆ ಹಾಕಿ, ಅವಳ ಅಂಗೈಯನ್ನೇ ನೋಡುತ್ತ, ಒಂದೆರಡು ಕಡೆ ತಡೆದು ಪ್ರಶ್ನೆ ಕೇಳಿದ.